‘ಸಾಧು ಹುಡುಗಿ’ಯ ಹಿಂದಿನ ಆಟಿಸಂ

ಪ್ರಾಥಮಿಕ ಶಾಲೆಯ ಮೈದಾನ. ಬಿಡುವಿನ ಗಂಟೆ ಹೊಡೆದಿದೆ. ಹುಡುಗರ ದಂಡು ಚೆಂಡಿನ ಹಿಂದೆ ಓಡುತ್ತಿದೆ. ಒಬ್ಬ ಮಾತ್ರ ಕಾಂಪೌಂಡ್ ಗೋಡೆಯ ಗುಂಟ ತನ್ನಷ್ಟಕ್ಕೆ ನಡೆಯುತ್ತಿದ್ದಾನೆ. ಇವನು ಗುಂಪಿಗೆ ಸೇರುವುದಿಲ್ಲ ಎಂದು ತಿಳಿಯಲು ಟೀಚರಿಗೆ ಎರಡು ನಿಮಿಷ ಸಾಕು. ಇತ್ತ ಹುಡುಗಿಯರು ಮೂರು ನಾಲ್ಕು ಮಂದಿಯಂತೆ ನಿಂತು ಹರಟುತ್ತಿದ್ದಾರೆ. ಅವರಲ್ಲೊಬ್ಬಳು ಒಂದು ಗುಂಪಿನ ಅಂಚಿಗೆ ಬಂದು ನಿಲ್ಲುತ್ತಾಳೆ. ಎಲ್ಲರೂ ನಕ್ಕಾಗ ತಾನೂ ನಗುತ್ತಾಳೆ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಮೆಲ್ಲಗೆ ಜಾರಿ ಇನ್ನೊಂದು ಗುಂಪಿನ ಪಕ್ಕ ಸೇರುತ್ತಾಳೆ, ಅಲ್ಲಿಂದ ಮತ್ತೊಂದಕ್ಕೆ. ದೂರದಿಂದ ನೋಡಿದವರ ಕಣ್ಣಿಗೆ ಅವಳು ಗೆಳತಿಯರ ಜೊತೆಗೇ ಇದ್ದಾಳೆ.

ಅಮೆರಿಕದ ಮಿಷೆಲ್ ಡೀನ್, ರಾಬಿನ್ ಹಾರ್ವುಡ್ ಮತ್ತು ಕೋನಿ ಕಸಾರಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳು ಇಷ್ಟೇ. ಆಟಿಸಂ ಇರುವ ಮಕ್ಕಳು ಮತ್ತು ಇಲ್ಲದ ಮಕ್ಕಳು ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತಾರೆಂದು ಅವರು ಶಾಲಾ ಮೈದಾನದಲ್ಲೇ ಗಮನಿಸಿದರು. ಆಟಿಸಂ ಇರುವ ಹುಡುಗರು ಹೆಚ್ಚಾಗಿ ಒಂಟಿಯಾಗಿ ಉಳಿದರು. ಆಟಿಸಂ ಇರುವ ಹುಡುಗಿಯರು ಇತರ ಹುಡುಗಿಯರ ಸಮೀಪವೇ ಸುಳಿದಾಡುತ್ತ, ಒಳಗೂ ಹೊರಗೂ ಹೋಗಿ ಬರುತ್ತಿದ್ದರು. ಗುಂಪಿನ ಹತ್ತಿರವಿದ್ದರು, ಗುಂಪಿನ ಒಳಗಿರಲಿಲ್ಲ. ಒಂಟಿಯಾಗಿ ನಿಂತ ಮಗುವನ್ನೇ ಹುಡುಕುವ ಕಣ್ಣಿಗೆ ಈ ಎರಡನೆಯ ಮಗು ಬೀಳುವುದಿಲ್ಲ.

ಆಟಿಸಂ ಅಂದರೆ ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದೂ ಕರೆಯುತ್ತಾರೆ. ವೈದ್ಯರು ಎರಡು ಮುಖ್ಯ ಸಂಗತಿಗಳನ್ನು ನೋಡುತ್ತಾರೆ. ಒಂದು, ಜನರೊಡನೆ ಬೆರೆಯುವುದು, ಮಾತು ಮತ್ತು ಸನ್ನೆಗಳ ಕೊಡುಕೊಳ್ಳುವಿಕೆ. ಇನ್ನೊಂದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಒಂದೇ ವಿಷಯಕ್ಕೆ ಅಂಟಿಕೊಳ್ಳುವುದು, ದಿನಚರಿ ಬದಲಾದರೆ ಕಂಗೆಡುವುದು, ಸದ್ದು, ಬೆಳಕು, ಬಟ್ಟೆಯ ಸ್ಪರ್ಶದಂಥವು ವಿಪರೀತ ತಾಗುವುದು ಅಥವಾ ತಾಗದೇ ಇರುವುದು. ಇವೆರಡೂ ಎಲ್ಲರಲ್ಲಿಯೂ ಒಂದೇ ಥರ ಕಾಣುವುದಿಲ್ಲ. ಹುಡುಗನೋ ಹುಡುಗಿಯೋ, ಮೂರು ವರ್ಷವೋ ಹದಿಮೂರೋ ಮೂವತ್ತಮೂರೋ ಎಂಬುದರ ಮೇಲೆ ಚಿತ್ರ ಬದಲಾಗುತ್ತದೆ.

ಯಾರನ್ನು ನೋಡಿ ಬರೆದ ಪಟ್ಟಿ?

1943ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಕಥೆಯನ್ನು ವಿವರವಾಗಿ ಬರೆದರು. ಇಂದು ಆಟಿಸಂ ಎಂದು ನಾವು ಕರೆಯುವುದರ ಪ್ರಸಿದ್ಧ ಮೊದಲ ದಾಖಲೆ ಅದು. ಹನ್ನೊಂದರಲ್ಲಿ ಎಂಟು ಹುಡುಗರು, ಮೂವರು ಹುಡುಗಿಯರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ತಮ್ಮ ಪ್ರಬಂಧದಲ್ಲಿ ಬಿಡಿಸಿ ವರ್ಣಿಸಿದ ನಾಲ್ವರೂ ಹುಡುಗರೇ. ಈ ಲಕ್ಷಣಗಳೆಲ್ಲ ಪೂರ್ಣವಾಗಿ ಇರುವ ಹುಡುಗಿ ತಮಗೆ ಸಿಕ್ಕಿಲ್ಲ ಎಂದೂ, ಇಂಥ ಮಕ್ಕಳ ಕೆಲವು ತಾಯಂದಿರಲ್ಲಿ ಮಾತ್ರ ಅದರ ಛಾಯೆ ಕಂಡಿದೆ ಎಂದೂ ಅವರು ಬರೆದರು. ಹುಡುಗಿಯಾಗಿದ್ದಾಗ ಕಾಣದ್ದು ತಾಯಿಯಾದಾಗ ಹೇಗೆ ಕಂಡಿತು ಎಂಬ ಪ್ರಶ್ನೆ ಅಲ್ಲಿಯೇ ಉಳಿಯಿತು.

ಇವರಿಬ್ಬರಿಗಿಂತ ಮೊದಲೇ, 1925ರಲ್ಲಿ, ಮಾಸ್ಕೋದ ಮಕ್ಕಳ ಮನೋವೈದ್ಯೆ ಗ್ರುನ್ಯಾ ಸುಖರೇವಾ ಇಂಥದೇ ಲಕ್ಷಣಗಳ ಆರು ಹುಡುಗರ ಬಗ್ಗೆ ಬರೆದಿದ್ದರು. ಎರಡು ವರ್ಷದ ನಂತರ, 1927ರಲ್ಲಿ, ಹುಡುಗಿಯರಲ್ಲಿ ಇದರ ವಿಶೇಷತೆಗಳೇನು ಎಂದೇ ಪ್ರತ್ಯೇಕ ಲೇಖನ ಪ್ರಕಟಿಸಿದರು. ಹುಡುಗರ ಲೇಖನ ಸುಲಾ ವುಲ್ಫ್ ಅವರ ಅನುವಾದದಲ್ಲಿ ಇಂಗ್ಲಿಷಿಗೆ ಬಂದದ್ದು 1996ರಲ್ಲಿ. ಹುಡುಗಿಯರ ಲೇಖನಕ್ಕೆ ಇನ್ನೂ ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ ಲಕ್ಷಣಗಳ ಪಟ್ಟಿ, ಪರೀಕ್ಷೆಯ ಪ್ರಶ್ನೆಗಳು, ಅಂಕ ಕೊಡುವ ಕ್ರಮ ಎಲ್ಲವೂ ಬಹುಪಾಲು ಚಿಕ್ಕ ಹುಡುಗರನ್ನು ನೋಡಿಯೇ ಸಿದ್ಧವಾಗಿಬಿಟ್ಟಿದ್ದವು.

ಕ್ಯಾನರ್ ದಾಖಲಿಸಿದ ಮೂವರು ಹುಡುಗಿಯರಲ್ಲಿ ಒಬ್ಬಳನ್ನು ಅವರು ವರ್ಜೀನಿಯಾ ಎಂದು ಕರೆದರು. ಅವಳ ತಂದೆ ಸ್ವತಃ ಮನೋವೈದ್ಯ. ಹುಡುಗಿಗೆ ಕಿವಿ ಕೇಳಿಸುವುದಿಲ್ಲವೆಂದು ಹಲವರು ನಂಬಿದ್ದರು. ಐದರ ವಯಸ್ಸಿನಲ್ಲೇ ಅವಳನ್ನು ಬುದ್ಧಿಮಾಂದ್ಯರಿಗಾಗಿ ಇದ್ದ ಸರ್ಕಾರಿ ಸಂಸ್ಥೆಗೆ ಸೇರಿಸಲಾಯಿತು. ಅಲ್ಲಿನವರ ಟಿಪ್ಪಣಿಯಲ್ಲಿ ಕಾಣುವ ಹುಡುಗಿ ಅಚ್ಚುಕಟ್ಟಾದವಳು, ಇತರ ಮಕ್ಕಳೊಡನೆ ಆಡದವಳು. ಚಿತ್ರದ ತುಣುಕುಗಳನ್ನು ಜೋಡಿಸುತ್ತ ಗಂಟೆಗಟ್ಟಲೆ ಕೂರುತ್ತಿದ್ದಳು. ಎರಡು ಬೇರೆ ಬೇರೆ ಚಿತ್ರಗಳ ತುಣುಕುಗಳನ್ನು ಒಂದೇ ಡಬ್ಬಿಯಲ್ಲಿ ಬೆರೆಸಿ ಕೊಟ್ಟರೂ ಒಂದೊಂದಾಗಿ ಬೇರ್ಪಡಿಸಿ ಎರಡನ್ನೂ ಮುಗಿಸುತ್ತಿದ್ದಳು. 1971ರಲ್ಲಿ ಕ್ಯಾನರ್ ಈ ಹನ್ನೊಂದು ಮಂದಿ ಈಗ ಎಲ್ಲಿದ್ದಾರೆಂದು ವಿಚಾರಿಸಿದಾಗ, ನಲವತ್ತರ ವರ್ಜೀನಿಯಾ ಇನ್ನೂ ಸರ್ಕಾರಿ ಆಸ್ಪತ್ರೆಯಲ್ಲೇ ಇದ್ದಳು.

ನಾಲ್ವರಿಗೆ ಒಬ್ಬಳು

ನಾಲ್ವರು ಹುಡುಗರಿಗೆ ಒಬ್ಬ ಹುಡುಗಿ: ಆಟಿಸಂ ಬಗ್ಗೆ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ನಿಂತ ಲೆಕ್ಕ ಇದು. 2017ರಲ್ಲಿ ಲಂಡನ್ನಿನ ರೇಚಲ್ ಲೂಮ್ಸ್, ಲಾರಾ ಹಲ್ ಮತ್ತು ವಿಲಿಯಂ ಮ್ಯಾಂಡಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಈಗಾಗಲೇ ಗುರುತಿಸಲಾದ ಮಕ್ಕಳನ್ನಷ್ಟೇ ಎಣಿಸದೆ, ಊರಿನ ಮಕ್ಕಳನ್ನೆಲ್ಲ ಪರೀಕ್ಷಿಸಿದ ಅಧ್ಯಯನಗಳಲ್ಲಿ ಪ್ರಮಾಣ ಮೂರಕ್ಕೆ ಒಂದರ ಹತ್ತಿರಕ್ಕೆ ಇಳಿಯಿತು. ಅಂದರೆ ಹುಡುಕಿಕೊಂಡು ಹೋದಷ್ಟೂ ಹುಡುಗಿಯರು ಹೆಚ್ಚು ಸಿಗುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಂಟು ವರ್ಷದ ಮಕ್ಕಳನ್ನು ಎಣಿಸುತ್ತ ಬಂದಿದೆ. ಅದರ 2020ರ ವರದಿಯಲ್ಲಿ ಹುಡುಗಿಯರಿಗೆ ಹೋಲಿಸಿದರೆ ಹುಡುಗರು 4.3 ಪಟ್ಟು ಇದ್ದರು, 2023ರಲ್ಲಿ 3.8, 2025ರಲ್ಲಿ 3.4. ಐದು ವರ್ಷದಲ್ಲಿ ಹುಡುಗಿಯರ ಮಿದುಳು ಬದಲಾಗಲಾರದು. ಬದಲಾದದ್ದು ನೋಡುವವರ ಕಣ್ಣು.

ಹಾಗಾದರೆ ಅಂತರವೆಲ್ಲ ಬರೀ ಕಣ್ತಪ್ಪೇ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಹುಡುಗಿಯರಿಗೆ ಹುಟ್ಟಿನಿಂದಲೇ ಒಂದು ಬಗೆಯ ರಕ್ಷಣೆ ಇದೆ, ಅವರಲ್ಲಿ ಆಟಿಸಂ ಹೊರಗೆ ಕಾಣಬೇಕಾದರೆ ವಂಶವಾಹಿಗಳ ಭಾರ ಹೆಚ್ಚು ಬೇಕು ಎಂಬ ವಾದಕ್ಕೆ ಗಟ್ಟಿಯಾದ ಆಧಾರಗಳಿವೆ. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಆಟಿಸಂ ಇರುವ ಮಕ್ಕಳ ತಮ್ಮ ತಂಗಿಯರನ್ನು ಕೂಸಾಗಿದ್ದಾಗಿನಿಂದ ಹಿಂಬಾಲಿಸಿತು. ಆಟಿಸಂ ಇರುವುದು ಅಣ್ಣನಿಗಾದರೆ ನಂತರದ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ ಸುಮಾರು 23. ಅಕ್ಕನಿಗಾದರೆ ಸುಮಾರು 35. ಹುಡುಗಿಯಲ್ಲಿ ಕಂಡಿತೆಂದರೆ ಆ ಮನೆತನದಲ್ಲಿ ಭಾರ ಹೆಚ್ಚೇ ಇದೆ ಎಂಬ ವಾದಕ್ಕೆ ಇದು ಹೊಂದುತ್ತದೆ.

ಆದರೂ ಕಣ್ತಪ್ಪಿನ ಪಾಲು ಸಣ್ಣದಲ್ಲ. ಬ್ರಿಟನ್ನಿನ ಅವಳಿ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಟಿಸಂ ಲಕ್ಷಣಗಳು ಸರಿಸಮವಾಗಿ ಹೆಚ್ಚಿದ್ದ ಹುಡುಗ ಹುಡುಗಿಯರನ್ನು ಹೋಲಿಸಲಾಯಿತು. ವೈದ್ಯರಿಂದ ಆಟಿಸಂ ಎಂದು ಹೆಸರು ಪಡೆದ ಹುಡುಗಿಯರಲ್ಲಿ ಹೆಚ್ಚಿನವರಿಗೆ ಅದರ ಮೇಲೆ ಬುದ್ಧಿಶಕ್ತಿಯ ತೊಂದರೆಯೋ ನಡವಳಿಕೆಯ ತೊಂದರೆಯೋ ಇತ್ತು. ಹುಡುಗರಿಗೆ ಆಟಿಸಂ ಒಂದೇ ಸಾಕಾಗಿತ್ತು. ಹುಡುಗಿ ತರಗತಿಯಲ್ಲಿ ಗಲಾಟೆ ಮಾಡದೆ, ಪರೀಕ್ಷೆಯಲ್ಲಿ ಅಂಕ ತೆಗೆಯುತ್ತಿದ್ದರೆ ಯಾರೂ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ.

ಚಂದಮಾಮನಿಂದ ಹೈಸ್ಕೂಲಿನವರೆಗೆ

ವಯಸ್ಸಿನ ಕಥೆ ಆರಂಭವಾಗುವುದು ಬೆರಳಿನಿಂದ. ತಾಯಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ತುತ್ತು ಕೊಡುತ್ತ, ‘ಅಗೋ ಚಂದಮಾಮ’ ಎಂದರೆ ವರ್ಷ ತುಂಬಿದ ಕೂಸು ಅವಳ ಬೆರಳು ಹೋದತ್ತ ನೋಡುತ್ತದೆ. ಕೆಲವೇ ತಿಂಗಳಲ್ಲಿ ತಾನೇ ಬೆರಳು ಚಾಚುತ್ತದೆ. ಚಾಚಿ, ಒಮ್ಮೆ ತಾಯಿಯ ಮುಖಕ್ಕೆ ತಿರುಗುತ್ತದೆ, ನೀನೂ ಕಂಡೆಯಾ ಎಂಬಂತೆ. ಚಂದ್ರ ಬೇಕೆಂದು ತೋರಿಸಿದ್ದಲ್ಲ ಅದು, ತನ್ನ ಖುಷಿಯನ್ನು ಹಂಚಿಕೊಳ್ಳಲು ತೋರಿಸಿದ್ದು. ಆಟಿಸಂ ಇರುವ ಬಹಳಷ್ಟು ಮಕ್ಕಳಲ್ಲಿ ಈ ಎರಡನೆಯ ಬಗೆಯ ತೋರಿಸುವಿಕೆ ತಡವಾಗುತ್ತದೆ ಅಥವಾ ಬರುವುದೇ ಇಲ್ಲ. ಹೆಸರು ಹಿಡಿದು ಕರೆದರೆ ತಿರುಗದಿರುವುದು ಇನ್ನೊಂದು ಸೂಚನೆ. ಕೆಲವು ಮಕ್ಕಳು ಒಂದೂವರೆ ಎರಡು ವರ್ಷದ ಹೊತ್ತಿಗೆ ಕಲಿತ ಮಾತುಗಳನ್ನೇ ಕಳೆದುಕೊಳ್ಳುತ್ತವೆ. 16ರಿಂದ 30 ತಿಂಗಳ ಮಕ್ಕಳಿಗಾಗಿ ಜಗತ್ತಿನ ಹಲವೆಡೆ ಬಳಸುವ 20 ಪ್ರಶ್ನೆಗಳ ಎಂ-ಚಾಟ್ ಎಂಬ ಪ್ರಶ್ನಾವಳಿ ಕೇಳುವುದೂ ಇಂಥವನ್ನೇ.

ಈ ವಯಸ್ಸಿನಲ್ಲಿ ಹುಡುಗ ಹುಡುಗಿಯರ ನಡುವಿನ ವ್ಯತ್ಯಾಸ ಕಡಿಮೆ. ನೆದರ್ಲೆಂಡ್ಸ್‌ನ ಸಂಶೋಧಕರು 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಜನರೊಡನೆ ಬೆರೆಯುವ ತೊಂದರೆಯಲ್ಲಿ ಗಂಡು ಹೆಣ್ಣೆಂಬ ಭೇದ ಅಷ್ಟಾಗಿ ಸಿಗಲಿಲ್ಲ. ಒಂದೇ ವಿಷಯಕ್ಕೆ ಅಂಟಿಕೊಳ್ಳುವುದು, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು ಹುಡುಗಿಯರಲ್ಲಿ ಕಡಿಮೆ ಕಂಡಿತು. ಆದರೆ ಅದು ಆರು ವರ್ಷ ದಾಟಿದ ಮೇಲೆ ಮಾತ್ರ. ಅದಕ್ಕಿಂತ ಚಿಕ್ಕ ಮಕ್ಕಳಲ್ಲಿ ಆ ಅಂತರವಿರಲಿಲ್ಲ.

ಆರರ ನಂತರ ಅಂಥದ್ದೇನಾಗುತ್ತದೆ? ಶಾಲೆ ಶುರುವಾಗುತ್ತದೆ. ಹುಡುಗಿ ಹೇಗೆ ಕೂರಬೇಕು, ಹೇಗೆ ಮಾತಾಡಬೇಕು ಎಂಬ ಪಾಠಗಳೂ ಜೊತೆಯಲ್ಲೇ ಶುರುವಾಗುತ್ತವೆ. ಆಸಕ್ತಿಯ ವಿಷಯವೂ ಮೋಸ ಮಾಡುತ್ತದೆ. ಹುಡುಗನೊಬ್ಬ ರೈಲುಗಳ ವೇಳಾಪಟ್ಟಿಯನ್ನು ಬಾಯಿಪಾಠ ಒಪ್ಪಿಸಿದರೆ ಮನೆಗೆ ಬಂದವರು ಹುಬ್ಬೇರಿಸುತ್ತಾರೆ. ಹುಡುಗಿಯೊಬ್ಬಳು ನಾಯಿಮರಿಗಳ ಬಗ್ಗೆ, ಕಥೆಪುಸ್ತಕದ ಒಂದು ಪಾತ್ರದ ಬಗ್ಗೆ, ಒಬ್ಬ ಗಾಯಕಿಯ ಬಗ್ಗೆ ಅಷ್ಟೇ ತೀವ್ರವಾಗಿ ತಿಳಿದಿಟ್ಟುಕೊಂಡರೆ ಅದು ಹುಡುಗಿಯರ ಸಹಜ ಹುಚ್ಚು ಎನಿಸುತ್ತದೆ. ವಿಷಯ ಯಾವುದು ಎಂದು ಎಲ್ಲರೂ ನೋಡುತ್ತಾರೆ. ಅದಿಲ್ಲದೆ ಅವಳ ದಿನ ಹೇಗೆ ಕುಸಿಯುತ್ತದೆ ಎಂದು ಕೇಳುವವರು ಕಡಿಮೆ.

ನಿಜವಾದ ಕಷ್ಟ ಹೈಸ್ಕೂಲಿನ ಹೊಸ್ತಿಲಲ್ಲಿ ಕಾದಿರುತ್ತದೆ. ಎಂಟರ ವಯಸ್ಸಿನ ಗೆಳೆತನಕ್ಕೆ ಕುಂಟೆಬಿಲ್ಲೆ ಸಾಕು. ಆಟಕ್ಕೆ ನಿಯಮಗಳಿವೆ, ಕಲಿಯಬಹುದು. ಹದಿಮೂರರ ಗೆಳೆತನ ನಿಂತಿರುವುದು ಮಾತಿನ ಮೇಲೆ: ಗುಟ್ಟು, ಕೊಂಕು, ಯಾರು ಯಾರ ಜೊತೆ ಮಾತು ಬಿಟ್ಟರು ಎಂಬ ಸುದ್ದಿ. ಇದಕ್ಕೆ ಬರೆದಿಟ್ಟ ನಿಯಮವಿಲ್ಲ. ಅದೇ ಹೊತ್ತಿಗೆ ಮೈ ಬದಲಾಗುತ್ತದೆ, ಮುಟ್ಟು ಆರಂಭವಾಗುತ್ತದೆ, ಪ್ಯಾಡಿನ ಸ್ಪರ್ಶವನ್ನೂ ವಾಸನೆಯನ್ನೂ ಸಹಿಸಬೇಕಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯನ್ನು ಪರಿಷ್ಕರಿಸಿದಾಗ ಇದನ್ನು ಒಪ್ಪಿಕೊಂಡಿತು. ಲಕ್ಷಣಗಳು ಎಳವೆಯಲ್ಲೇ ಇರುತ್ತವೆ, ಆದರೆ ಸಮಾಜದ ಬೇಡಿಕೆ ಮಗುವಿನ ಶಕ್ತಿಯನ್ನು ಮೀರುವವರೆಗೆ ಪೂರ್ತಿ ಹೊರಬರದೇ ಇರಬಹುದು. ಕಲಿತ ಉಪಾಯಗಳು ಮುಂದೆ ಅವನ್ನು ಮುಚ್ಚಿಡಲೂಬಹುದು ಎಂದು ಅದರಲ್ಲಿ ಬರೆಯಲಾಗಿದೆ.

ವಯಸ್ಸು ಕಷ್ಟವನ್ನಷ್ಟೇ ತರುವುದಿಲ್ಲ. ಕೈ ಬಡಿಯುವುದು, ವಸ್ತುಗಳನ್ನು ತಿರುಗಿಸುತ್ತ ಕೂರುವುದು ಮುಂತಾದವು ದೊಡ್ಡವರಾಗುತ್ತ ಅನೇಕರಲ್ಲಿ ತಗ್ಗುತ್ತವೆ. ಕ್ಯಾನರ್ ಅವರ ಮೊದಲ ಬಾಲಕ, ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಊರಿನ ಡೊನಾಲ್ಡ್ ಟ್ರಿಪ್ಲೆಟ್, ಐದರ ವಯಸ್ಸಿನಲ್ಲಿ ಸಿಕ್ಕಿದ್ದನ್ನೆಲ್ಲ ಬುಗುರಿಯಂತೆ ತಿರುಗಿಸುತ್ತಿದ್ದವನು. ಮುಂದೆ ಅವನನ್ನು ಸಮೀಪದ ಹಳ್ಳಿಯ ರೈತ ದಂಪತಿಯ ಬಳಿ ಬಿಡಲಾಯಿತು. ಅಳೆಯುವ ಗೀಳು ಹಿಡಿದಿದ್ದ ಹುಡುಗನಿಗೆ ಅವರು ಬಾವಿ ತೋಡಿ ಅದರ ಆಳ ಅಳೆಯುವ ಕೆಲಸ ಕೊಟ್ಟರು. ಎಣಿಸುವ ಗೀಳಿಗೆ ಮೆಕ್ಕೆಜೋಳದ ಹೊಲವಿತ್ತು. ಉಳುತ್ತ ಸಾಲುಗಳನ್ನು ಎಣಿಸು ಎಂದರು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋದಾಗ ಹುಡುಗ ಸಾಲಿನ ತುದಿಯಲ್ಲಿ ಕುದುರೆಯನ್ನು ಸಲೀಸಾಗಿ ತಿರುಗಿಸಿಕೊಂಡು ನೇಗಿಲು ಹೊಡೆಯುತ್ತಿದ್ದ. ಡೊನಾಲ್ಡ್ ಬ್ಯಾಂಕಿನಲ್ಲಿ ದುಡಿದರು, 27ನೇ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತರು, ಗಾಲ್ಫ್ ಆಡಿದರು, ಒಬ್ಬರೇ ದೇಶ ವಿದೇಶ ಸುತ್ತಿದರು. 2023ರಲ್ಲಿ, 89ನೇ ವಯಸ್ಸಿನಲ್ಲಿ, ಅದೇ ಊರಿನಲ್ಲಿ ತೀರಿಕೊಂಡರು. ಅವರ ಮನೆಯವರು ಸ್ಥಿತಿವಂತರು, ಊರು ಅವರನ್ನು ಅರಿತಿತ್ತು. ಹಾಗಾಗಿ ಅವರ ಬಾಳನ್ನೂ ವರ್ಜೀನಿಯಾಳ ಬಾಳನ್ನೂ ಗಂಡು ಹೆಣ್ಣೆಂಬ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕ್ಯಾನರ್ ಅವರ ಹುಡುಗರಲ್ಲೂ ಕೆಲವರು ಸಂಸ್ಥೆಗಳಲ್ಲೇ ಉಳಿದರು.

ಮುಖವಾಡದ ಬಾಡಿಗೆ

ಕಷ್ಟವನ್ನು ಮುಚ್ಚಿಟ್ಟುಕೊಂಡು ಎಲ್ಲರಂತೆ ಕಾಣಲು ಪಡುವ ಶ್ರಮವನ್ನು ಸಂಶೋಧಕರು ಮರೆಮಾಚುವಿಕೆ ಎನ್ನುತ್ತಾರೆ. ಎದುರಿನವರ ಕಣ್ಣನ್ನು ನೋಡಲಾಗದೆ ಹುಬ್ಬುಗಳ ನಡುವೆ ದೃಷ್ಟಿ ನೆಡುವುದು, ಮಾತನ್ನು ಮೊದಲೇ ಮನಸ್ಸಿನಲ್ಲಿ ಅಭ್ಯಾಸ ಮಾಡಿಕೊಳ್ಳುವುದು, ಟಿವಿಯ ಪಾತ್ರವೊಂದರ ನಗುವನ್ನು ಎರವಲು ತರುವುದು, ಕೈ ಅಲ್ಲಾಡಿಸಬೇಕೆನಿಸಿದಾಗ ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳುವುದು ಇದರ ಬಗೆಗಳು. ಲಾರಾ ಹಲ್ ಮತ್ತು ಸಂಗಡಿಗರು 2019ರಲ್ಲಿ ಇದನ್ನು ಅಳೆಯಲು 25 ಹೇಳಿಕೆಗಳ ಪ್ರಶ್ನಾವಳಿಯನ್ನೇ ರೂಪಿಸಿದರು. ಗಂಡಸರೂ ಮರೆಮಾಚುತ್ತಾರೆ, ಸರಾಸರಿಯಲ್ಲಿ ಹೆಂಗಸರು ಹೆಚ್ಚು. ಇದಕ್ಕೆ ತೆರುವ ಬೆಲೆಯೂ ಹೆಚ್ಚು. ಅತಿಯಾದ ಮರೆಮಾಚುವಿಕೆಯ ಜೊತೆ ಆತಂಕ, ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು ಹೆಣೆದುಕೊಂಡಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಹೀಗಾಗಿ ಎಷ್ಟೋ ಹುಡುಗಿಯರು ವೈದ್ಯರ ಬಳಿ ಬರುವುದು ಆಟಿಸಂ ಎಂಬ ಹೆಸರಿನಲ್ಲಲ್ಲ. ಊಟ ಬಿಟ್ಟಿದ್ದಾಳೆ, ನಿದ್ದೆಯಿಲ್ಲ, ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಾಳೆ ಎಂಬ ದೂರಿನೊಂದಿಗೆ ಬರುತ್ತಾರೆ. ಸ್ವೀಡನ್ನಿನ ಹವಾಮಾನ ಹೋರಾಟಗಾರ್ತಿ ಗ್ರೆಟಾ ಥನ್ಬರ್ಗ್ ಹನ್ನೊಂದರ ವಯಸ್ಸಿನಲ್ಲಿ ಖಿನ್ನತೆಗೆ ಜಾರಿ ಊಟವನ್ನೂ ಮಾತನ್ನೂ ಬಹುತೇಕ ನಿಲ್ಲಿಸಿದ್ದಳು. ಆಟಿಸಂ ಗೊತ್ತಾದದ್ದು ಅದಾದ ಮೇಲೆ. ಪಶುಸಾಕಣೆಯ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ 1947ರಲ್ಲಿ ಹುಟ್ಟಿ, ಮೂರೂವರೆ ವರ್ಷದವರೆಗೆ ಮಾತಾಡದ ಹುಡುಗಿಯಾಗಿದ್ದರು. ಅವರ ತೊಂದರೆ ಎಳವೆಯಲ್ಲೇ ಎಲ್ಲರಿಗೂ ಕಂಡಿತ್ತು. ಆದರೂ ತೀವ್ರ ಭಯದ ದಾಳಿಗಳು ಆರಂಭವಾದದ್ದು ಮೈನೆರೆದ ನಂತರ ಎಂದು ಅವರೇ ಬರೆದುಕೊಂಡಿದ್ದಾರೆ. ಸ್ಕಾಟ್ಲೆಂಡಿನ ಗಾಯಕಿ ಸೂಸನ್ ಬಾಯ್ಲ್ ಅವರಿಗೆ ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿದೆ ಎಂದು ಬಾಲ್ಯದಲ್ಲಿ ಹೇಳಲಾಗಿತ್ತು. 2009ರ ಟಿವಿ ಸ್ಪರ್ಧೆಯಿಂದ ಜಗತ್ಪ್ರಸಿದ್ಧರಾದ ಮೇಲೆ, ತಮಗಿರುವುದು ಆಟಿಸಂನದೇ ಒಂದು ಬಗೆಯಾದ ಆಸ್ಪರ್ಗರ್ ಸಿಂಡ್ರೋಮ್ ಎಂದು ತಿಳಿದಿರುವುದಾಗಿ 2013ರಲ್ಲಿ ಅವರು ಬಹಿರಂಗಪಡಿಸಿದರು. ಆಗ ಅವರಿಗೆ ಐವತ್ತು ದಾಟಿತ್ತು. ಇನ್ನು ಕೆಲವರಿಗೆ ಉತ್ತರ ಸಿಗುವುದು ಮಕ್ಕಳ ಮೂಲಕ: ಮಗನ ಪರೀಕ್ಷೆಗಾಗಿ ಪ್ರಶ್ನೆಗಳಿಗೆ ಉತ್ತರ ತುಂಬುತ್ತ ಕೂತ ತಾಯಿಗೆ, ಬರೆಯುತ್ತಿರುವುದು ತನ್ನದೇ ಬಾಲ್ಯ ಎನಿಸತೊಡಗುತ್ತದೆ.

ನಮ್ಮ ಮನೆಗಳ ಮಾತಿನಲ್ಲಿ ಎರಡು ಸಮಾಧಾನಗಳು ಸದಾ ಸಿದ್ಧವಾಗಿರುತ್ತವೆ. ಮಗ ಮಾತಾಡದಿದ್ದರೆ, ‘ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ ಇದ್ದ.’ ಮಗಳು ಮೂಲೆ ಹಿಡಿದರೆ, ‘ನಾಚಿಕೆ ಸ್ವಭಾವ, ಬಹಳ ಸಾಧು ಹುಡುಗಿ.’ ಮೊದಲನೆಯದು ಮೂರು ನಾಲ್ಕು ವರ್ಷಕ್ಕೆ ಸುಳ್ಳಾಗಿಬಿಡುತ್ತದೆ, ಏಕೆಂದರೆ ಮಾತು ಬರದಿರುವುದು ಎಲ್ಲರಿಗೂ ಕಾಣುತ್ತದೆ. ಎರಡನೆಯದು ಮದುವೆಯ ವಯಸ್ಸಿನವರೆಗೂ ಮೆಚ್ಚುಗೆಯಾಗಿಯೇ ಉಳಿಯಬಹುದು.

ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಪರೀಕ್ಷೆಗೆ ನಮ್ಮದೇ ‘ಇಸಾ’ ಮಾಪಕವಿದೆ. 40 ಅಂಶಗಳು, ಒಟ್ಟು ಅಂಕ 70 ಮುಟ್ಟಿದರೆ ಆಟಿಸಂ ಎಂದು ಲೆಕ್ಕ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಗಳಿಗೆ ರಾಜ್ಯದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲೂ ಶೀಘ್ರ ಪತ್ತೆ ಕೇಂದ್ರಗಳಿವೆ. ಹದಿನೆಂಟು ವರ್ಷದವರೆಗಿನವರನ್ನು ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲೇ ತಪಾಸಣೆ ಮಾಡಿ ಅಲ್ಲಿಗೆ ಕಳಿಸುವ ವ್ಯವಸ್ಥೆ ಅದು.

ಅಂಥ ಕೇಂದ್ರವೊಂದರಲ್ಲಿ ಹನ್ನೆರಡರ ಹುಡುಗಿಯ ಬಗ್ಗೆ ಶಾಲೆಯವರನ್ನು ಕೇಳಿದರೆ ಬರುವ ಉತ್ತರವನ್ನು ಊಹಿಸುವುದು ಕಷ್ಟವಲ್ಲ: ತಂಟೆಯಿಲ್ಲ, ಹೋಮ್‌ವರ್ಕ್ ತಪ್ಪಿಸುವುದಿಲ್ಲ, ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ತಾಯಿಯ ಉತ್ತರ ಬೇರೆ. ಸಂಜೆ ಬಾಗಿಲು ದಾಟುತ್ತಲೇ ಬ್ಯಾಗು ಒಂದು ಕಡೆ, ಶೂ ಒಂದು ಕಡೆ. ಕತ್ತಿನ ಹಿಂದಿನ ಲೇಬಲ್ ಚುಚ್ಚುತ್ತದೆಂದು ಯೂನಿಫಾರ್ಮ್ ಕಿತ್ತೆಸೆಯುತ್ತಾಳೆ. ದೀಪ ಆರಿಸಿ ಹೊದಿಕೆಯೊಳಗೆ ಗಂಟೆಗಟ್ಟಲೆ ಬಿದ್ದಿರುತ್ತಾಳೆ. ತಟ್ಟೆಯಲ್ಲಿ ಸಾರು ಪಲ್ಯಕ್ಕೆ ತಾಗಿದರೆ ಆ ರಾತ್ರಿ ಊಟವೇ ಇಲ್ಲ. ಈ ಎರಡು ಉತ್ತರಗಳ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಇಬ್ಬರು ಮಕ್ಕಳ ಬಗ್ಗೆ ಬರೆದಂತಿರುತ್ತದೆ. ಅನುಭವವಿರುವ ತಜ್ಞರು ಆಗ ಯಾವ ಹಾಳೆ ಸುಳ್ಳು ಎಂದು ಹುಡುಕುತ್ತ ಕೂರುವುದಿಲ್ಲ. ಬೆಳಗಿನ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮುಂದಿನ ಬೆಂಚಿನಲ್ಲಿ ಅವಳಿಗೆ ಹೇಗನಿಸುತ್ತಿತ್ತು ಎಂದು ಹುಡುಗಿಯನ್ನೇ ಕೇಳಿ, ಉತ್ತರ ಬರುವವರೆಗೆ ಕಾಯುತ್ತಾರೆ.